ಬಲಗಡೆಯ ಜೇಬು

ಅಗ್ರಹಾರದ ಹಳೇ ಮನೆಯೊಂದರ ಮಹಡಿಯಲ್ಲಿ ಎಂಟು ಹೊಲಿಗೆ ಯಂತ್ರಗಳು. ಅಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಒಂಬತ್ತು ವರ್ಷ ಮೂರನೇ ಯಂತ್ರದ ಮುಂದೆ ಕೂತಿದ್ದ ಬಿಂದುವನ್ನು ಯುಗಾದಿ ಕಳೆದ ಮೇಲೆ ಮಾಲೀಕ ಕುಮಾರಸ್ವಾಮಿ ಸೂಪರ್‌ವೈಸರ್ ಮಾಡಿದರು. ಕಿಟಕಿ ಪಕ್ಕ ಒಂದು ಮೇಜು, ಒಂದು ತಿರುಗುವ ಕುರ್ಚಿ ಬಂತು. ಕುರ್ಚಿಯೇನೋ ಚೆನ್ನಾಗಿಯೇ ತಿರುಗುತ್ತಿತ್ತು, ಸುಖ ಮಾತ್ರ ಇರಲಿಲ್ಲ.

ಏಕೆಂದರೆ ಹಿಂದಿನ ದಿನದವರೆಗೂ "ಲೇ ಬಿಂದು" ಎನ್ನುತ್ತಿದ್ದ ಪಕ್ಕದ ಯಂತ್ರದ ಮಂಗಳಮ್ಮ ಮಾರನೆಯ ದಿನ "ಮೇಡಂ" ಎಂದರು. ಬಿಂದು ತಮಾಷೆ ಅಂದುಕೊಂಡು ನಕ್ಕಳು. ಮಂಗಳಮ್ಮ ನಗಲಿಲ್ಲ. ಮಧ್ಯಾಹ್ನ ಎಲ್ಲರೂ ಚಾಪೆ ಹಾಸಿ ಡಬ್ಬಿ ಬಿಚ್ಚುವಾಗ ಬಿಂದು ಹತ್ತಿರ ಹೋದರೆ ಮಾತು ನಿಂತುಬಿಡುತ್ತಿತ್ತು. ಹುದ್ದೆ ಬೇಡ, ಆ ಚಾಪೆಯ ಮೂಲೆ ಸಾಕು ಅನ್ನಿಸುತ್ತಿತ್ತು ಅವಳಿಗೆ.

ಅವಳ ತಪ್ಪೂ ಇತ್ತು ಅನ್ನಿ. ಮೊದಲು ಒಬ್ಬೊಬ್ಬರೂ ಇಡೀ ಅಂಗಿ ಹೊಲಿದು, ಮುಗಿದ ಅಂಗಿಗಳ ಕಟ್ಟಿಗೆ ಸೇರಿಸುವ ಮುಂಚೆ ಪಕ್ಕದವರ ಕೈಗೆ ಕೊಡುತ್ತಿದ್ದರು. ಪಕ್ಕದವರು ತಿರುವಿ, ಎಳೆದು ನೋಡಿ, ಮನಸಾರೆ ಬೈದು ವಾಪಸು ಕೊಡುವುದು ಅಲ್ಲಿನ ರೂಢಿ. ಬಿಂದು ಚೀಟಿ ಬರೆದು ಕೆಲಸ ಹಂಚುವ ಹೊಸ ಕ್ರಮ ತಂದಳು: ಒಬ್ಬರಿಗೆ ಕಾಲರು, ಒಬ್ಬರಿಗೆ ತೋಳು, ಕೊನೆಯ ಯಂತ್ರದ ಅಂಬುಜಾಗೆ ಜೇಬು. ಕೆಲಸ ಬೇಗ ಸಾಗಿತು. ಹೊತ್ತು ಉಳಿಯಲಿ ಎಂದು ಆ ನೋಡುವ ರೂಢಿಯನ್ನೂ ನಿಲ್ಲಿಸಿದಳು. ಮೊದಲ ವಾರ ಮಂಗಳಮ್ಮ ಕಾಲರಿನ ಬಗ್ಗೆ ಏನೋ ಹೇಳಲು ಬಂದಾಗ, "ಚೀಟೀಲಿ ಇರೋ ಹಾಗೆ ಮಾಡಿ ಅಕ್ಕ, ಸಾಕು" ಎಂದಿದ್ದಳು. ಆಮೇಲೆ ಯಾರೂ ಏನೂ ಹೇಳಲು ಬರಲಿಲ್ಲ.

ಮೇ ತಿಂಗಳಲ್ಲಿ ಒಂದು ಶಾಲೆಯ ಎಂಬತ್ತು ಅಂಗಿಯ ಕೆಲಸ ಬಂತು. ಮಾದರಿಯ ಅಂಗಿ ಒಳಹೊರಗಾಗಿ ಮಡಿಚಿಟ್ಟಿತ್ತು. ಅವಸರದ ಮಹಾರಾಯಿತಿ ಬಿಂದು ಅದನ್ನು ತಿರುವಿಯೂ ನೋಡದೆ, ಈ ಶಾಲೆಯವರಿಗೆ ಹೀಗೇ ಬೇಕೇನೋ ಎಂದುಕೊಂಡು ಚೀಟಿ ಬರೆದಳು: ಜೇಬು ಬಲಗಡೆ.

ಗುರುವಾರ ಮಧ್ಯಾಹ್ನ ಎಂಬತ್ತೂ ಅಂಗಿ ಮುಗಿದ ಮೇಲೆ ಮಾದರಿಯನ್ನು ತಿರುವಿದಳು. ಜೇಬು ಎಡಗಡೆಗಿತ್ತು.

"ಯಾರಿಗೂ ಗೊತ್ತಾಗ್ಲಿಲ್ವಾ?"

ಅಂಬುಜಾ ತಲೆ ತಗ್ಗಿಸಿದಳು. "ಗೊತ್ತಾಯ್ತು ಮೇಡಂ. ನೀವೇ ಬರ್ದಿದ್ರಲ್ಲ, ಅದಕ್ಕೇ ಸುಮ್ನಾಗ್ಬುಟ್ಟೋ."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಬಿಂದು ಸಿಟ್ಟಾದರೂ ಆಗಬಹುದಿತ್ತು. ಏಳು ಜನರ ಕಣ್ಣಿಗೆ ತಾನೇ ಬಟ್ಟೆ ಕಟ್ಟಿದ್ದೆ ಎಂದು ಅವಳಿಗೆ ಅರ್ಥವಾಯಿತು, ನಾಚಿಕೆಯೂ ಆಯಿತು.

ಎಲ್ಲರ ಮುಂದೆಯೇ ಮಾಲೀಕರಿಗೆ ಫೋನ್ ಮಾಡಿದಳು. "ತಪ್ಪು ನಂದು ಸಾರ್. ಇನ್ನೆರಡು ದಿನ ಕೊಡಿ." ಅವರು ಗೊಣಗಿಕೊಂಡೇ ಒಪ್ಪಿದರು. ಬಿಂದು ಮೂರನೇ ಯಂತ್ರದ ಸ್ಟೂಲಿನ ಮೇಲಿದ್ದ ಬಟ್ಟೆ ರಾಶಿಯನ್ನು ಕೆಳಗಿಟ್ಟು ಅಲ್ಲಿ ಕೂತಳು. ಒಂದು ಜೇಬು ಬಿಚ್ಚಿದಳು, ಎಡಗಡೆಗೆ ಹೊಲಿದಳು. ಅಂಗಿಯನ್ನು ಕಟ್ಟಿಗೆ ಹಾಕದೆ ಪಕ್ಕಕ್ಕೆ ಚಾಚಿದಳು.

"ನೋಡಕ್ಕ."

ಯಂತ್ರಗಳೆಲ್ಲ ನಿಂತವು. ಬಿಂದು ಚಾಚಿದ ಕೈಯನ್ನು ಮಂಗಳಮ್ಮ ಒಂದು ಗಳಿಗೆ ನೋಡಿದರು. ಕನ್ನಡಕ ಏರಿಸಿಕೊಂಡು ಅಂಗಿಯನ್ನು ತಿರುವಿದರು, ಎಳೆದರು, ಬೆಳಕಿಗೆ ಹಿಡಿದರು.

"ಏನೇ ಇದು? ಬಲಗಡೆ ಸೂಜಿ ತೂತೆಲ್ಲ ಅಂಗೇ ಕಾಣ್ತಾ ಐತೆ. ನೀರು ಚಿಮುಕ್ಸಿ ಇಸ್ತ್ರಿ ಉಜ್ಬೇಕು ಅಂತ ಒಂಬತ್ ವರ್ಸದಲ್ಲಿ ಕಲೀಲಿಲ್ವಾ? ಬುದ್ಧಿ ಎಲ್ಲಿಟ್ ಬಂದಿದ್ದೀಯೇ, ಲೇ ಬಿಂದು?"

ಬಿಂದು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಅಷ್ಟು ಬೈದರೂ ಸಾಲದು, ಇನ್ನೂ ಬೈಯಲಿ ಅನ್ನಿಸಿತು.

"ಅಳೋದು ಆಮೇಲೆ," ಎಂದರು ಮಂಗಳಮ್ಮ. "ಮೊದ್ಲು ಇಸ್ತ್ರಿ ಬಿಸಿ ಮಾಡ್ಕೋ ಹೋಗು. ಅಂಬುಜಾ, ಆ ಅಂಗಿಗಳನ್ನ ಎಲ್ರಿಗೂ ಹಂಚು. ಲೇ, ನಿಂತ್ಕೊ. ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"

ಬಿಂದು ಇಲ್ಲವೆಂದು ತಲೆಯಾಡಿಸಿದಳು. ಮಂಗಳಮ್ಮ ಗೊಣಗುತ್ತಲೇ ಎದ್ದು ಚಾಪೆ ಹಾಸಿದರು.