ಎರಡು ಗ್ಲಾಸು ಹೆಚ್ಚಿನ ಮಳೆ

ವಡ್ಡುವಿನ ಜಂಬುನಾಥನ ಹೆಸರು ಕೇಳಿದರೆ ಸಾಕು, ದರೋಜಿಯ ಎರ್ರಿಯಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ಹೊಲದ ಬದುವಿನ ಜಗಳವಲ್ಲ, ಹೆಣ್ಣಿನ ವಿಷಯವಂತೂ ಅಲ್ಲವೇ ಅಲ್ಲ. ಇಬ್ಬರೂ ತಂತಮ್ಮ ಊರಿನ ಮಳೆ ಅಳೆಯುವವರು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಇಪ್ಪತ್ತು ಮಿಲಿಮೀಟರಿನ ಗ್ಲಾಸಿಗೆ ಸುರಿದು, ಎಷ್ಟು ಗ್ಲಾಸಾಯಿತೆಂದು ಎಣಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಎರ್ರಿಯಪ್ಪ ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನ ತಪ್ಪಿಸಿದವನಲ್ಲ. ಜಂಬುನಾಥನಿಗೆ ಈ ಕೆಲಸ ಕಲಿಸಿದವನೂ ಇವನೇ.

ಹೋದ ವರ್ಷ ವಡ್ಡುವಿನಲ್ಲಿ ಒಂದೇ ದಿನ ನೂರಾ ನಲವತ್ತಾರು ಮಿಲಿಮೀಟರ್ ಸುರಿಯಿತು. ಪೇಪರಿನವರು ಜಂಬುನಾಥನ ಫೋಟೋ ಹಾಕಿದರು, ಮಳೆ ತರಿಸಿದವನೇ ಅವನೇನೋ ಎಂಬಂತೆ!

"ಅವ್ನ ಊರಾಗ ಮಳಿ ಬಂತು, ಅವ್ನ ಫೋಟೋ ಬಂತು. ನೀವ್ಯಾಕ ಉರ್ಕಂತೀರಿ?" ಎಂದಳು ಹೆಂಡತಿ ದುರುಗವ್ವ.

ಈ ಅಕ್ಟೋಬರಿನಲ್ಲಿ ದರೋಜಿಗೂ ಅಂಥ ಮಳೆ ಬಂತು. ಐದು ಗ್ಲಾಸು ತುಂಬಿ, ಆರನೆಯದು ಹದಿನೆಂಟಕ್ಕೆ ನಿಂತಿತು. ನೂರಾ ಹದಿನೆಂಟು. ಅವನು ಅಳೆದ ಅತಿ ದೊಡ್ಡ ಮಳೆ, ಆದರೂ ಜಂಬುನಾಥನದಕ್ಕಿಂತ ಕಡಿಮೆ! ಸುತ್ತ ನೋಡಿದ. ಯಾರೂ ಇರಲಿಲ್ಲ. ಎರಡು ಗ್ಲಾಸು ಸೇರಿಸಿ ನೂರಾ ಐವತ್ತೆಂಟು ಎಂದು ಬರೆದುಬಿಟ್ಟ. ಅಂದು ಊಟ ಬಲು ರುಚಿಸಿತು.

ಪೇಪರಿನವರು ಬರಲಿಲ್ಲ. ಬಂದವಳು ಕಾವ್ಯ, ಈ ಸೀಮೆಯ ಬಿಸಿಲು ಮಳೆಗಳು ವರ್ಷಗಳಿಂದ ಹೇಗೆ ಬದಲಾಗಿವೆಯೆಂದು ಅಧ್ಯಯನ ಮಾಡುವವಳು. ಜಂಬುನಾಥನನ್ನೂ ಕರೆತಂದು ಎರಡೂ ಊರಿನ ರಿಜಿಸ್ಟರುಗಳನ್ನು ಪಕ್ಕಪಕ್ಕ ಇಟ್ಟಳು.

"ಮಳೆ ದಿನಗಳು ಕಡಿಮೆ ಆಗ್ತಿವೆ, ಬಂದ್ರೆ ಒಮ್ಮೆಲೇ ಸುರೀತಿದೆ. ಅದನ್ನ ತೋರಿಸೋಕೆ ನಿಮ್ಮದರಷ್ಟು ಹಳೇ ದಾಖಲೆ ನನಗೆಲ್ಲೂ ಸಿಕ್ಕಿಲ್ಲ. ಆದ್ರೆ ಈ ಅಕ್ಟೋಬರಿನ ದೊಡ್ಡ ಮಳೆ ದಿನ ವಡ್ಡುವಿನಲ್ಲಿ ನೂರಾ ಹನ್ನೆರಡು, ಇಲ್ಲಿ ನೂರಾ ಐವತ್ತೆಂಟು. ಹತ್ತಿರದ ಊರುಗಳಲ್ಲಿ ಇಷ್ಟು ವ್ಯತ್ಯಾಸವಾ? ಯಾರದಾದ್ರೂ ಎಣಿಕೆ ತಪ್ಪಿತಾ?"

"ನಂದ ಹೊಡ್ದ್ ಹಾಕ್ರಿ ಮೇಡಂ," ಎಂದ ಜಂಬುನಾಥ. "ನಾನೇ ತಪ್ಪಿರ್ತೀನಿ. ಎರ್ರಿಯಪ್ಪಣ್ಣ ಬರ್ದಿದ್ದು ಸುಳ್ಳಾಗಂಗಿಲ್ಲ."

ಎರ್ರಿಯಪ್ಪನ ಮೈ ಹೊತ್ತಿಕೊಂಡಿತು. ಒಳ್ಳೆಯತನದಲ್ಲೂ ಇವನೇ ಮೇಲಾಗಬೇಕೇ? ಅಷ್ಟರಲ್ಲಿ ಕಾವ್ಯಳ ಪೆನ್ನು ಜಂಬುನಾಥನ ಅಂಕಿಯ ಮೇಲೆ ಬಂದು ನಿಂತಿತ್ತು.

"ತಡೀರಿ! ನಂದ ಸುಳ್ಳೈತ್ರಿ. ಇವ್ನ ಹೋದ್ವರ್ಷದ ಮಳಿಗಿಂತ ಹೆಚ್ಚಾಗ್ಲಿ ಅಂತ ಎರಡ್ ಗ್ಲಾಸ್ ಸೇರ್ಸೀನಿ."

ಕಾವ್ಯ ಬಹಳ ಹೊತ್ತು ಹಾಳೆ ತಿರುವಿದಳು. "ಉಳಿದ ದಿನಗಳು?"

"ಎಲ್ಲಾ ಖರೇನ ಅದಾವ್ರಿ. ನಮ್ಮವ್ವನಾಣಿ."

"ನಾನು ಹೇಗೆ ಒಪ್ಪಲಿ, ಹೇಳಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇಪ್ಪತ್ತೆಂಟು ವರ್ಷದ ರಿಜಿಸ್ಟರುಗಳನ್ನು ಮುಚ್ಚಿ ಅವನ ಕಡೆಗೆ ಸರಿಸಿದಳು. ಜಂಬುನಾಥನವನ್ನು ಚೀಲಕ್ಕೆ ಹಾಕಿಕೊಂಡಳು.

"ನಾ ನಂಬ್ತೀನಿ ಅಣ್ಣ," ಎಂದ ಜಂಬುನಾಥ ಮೆಲ್ಲಗೆ.

ತನ್ನನ್ನು ನಂಬಲು ಇನ್ನು ಉಳಿದಿದ್ದವನು ಈ ಜಂಬುನಾಥನೊಬ್ಬನೇ. ಎರ್ರಿಯಪ್ಪನಿಗೆ ಅವನ ಮೇಲೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.