ಎಪ್ಪತ್ತೈದರ ಮೇಲೆ

ಹಿಮಗುಹೆಯಲ್ಲಿ ವೆಲ್ಡರ್ ಮೂರನೇ ಸಲ ಸತ್ತಾಗ ಭಾನುವಾರ ಮಧ್ಯಾಹ್ನ ಮೂರು ಗಂಟೆ. ಹೆಂಡತಿ ತಂದಿಟ್ಟ ಚಹಾ ಕೀಬೋರ್ಡಿನ ಪಕ್ಕದಲ್ಲೇ ಆರಿಹೋಗಿತ್ತು. ಆಟದಲ್ಲಿ ಅವರದು ಐದು ಜನರ ತಂಡ. ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತು ಏಟು ತಿನ್ನುವುದು ವೆಲ್ಡರನ ಕೆಲಸ. ಆದರೆ ಗುಹೆಯ ದೈತ್ಯ ಒಮ್ಮೆ ತಣ್ಣನೆ ಉಸಿರು ಬಿಟ್ಟರೆ ಸಾಕು, ಗುರಾಣಿ ಸಮೇತ ಇವನು ಮಟಾಷ್.

"ಬೇಜಾರು ಮಾಡ್ಕೋಬೇಡಿ," ಹೆಡ್‌ಫೋನಿನಲ್ಲಿ ತಂಡದ ನಾಯಕರಾದ ಗಣಿತದ ಮೇಷ್ಟ್ರು ಹೇಳಿದರು. "ಇನ್ನೊಂದೇ ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಮುಂದಿನ ವಾರದಿಂದ ನಿಮ್ಮ ಜಾಗಕ್ಕೆ ಬೇರೆಯವರನ್ನ ಹುಡುಕ್ತೀನಿ."

ವೆಲ್ಡರ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತ. ಆಟ ಹೋದರೆ ಹೋಗಲಿ, ಅದೇನು ಅನ್ನ ಹಾಕುತ್ತದೆಯೇ? ಆದರೆ ಆ ಐವರಲ್ಲಿ ಒಬ್ಬ ಅವನ ಒಡಹುಟ್ಟಿದ ತಮ್ಮ. ಆರು ವರ್ಷದ ಹಿಂದೆ ವರ್ಕ್‌ಶಾಪಿನಲ್ಲಿ, ಇವನು ಹಚ್ಚಿದ ಗ್ಯಾಸ್ ಕಟರಿನ ಬೆಂಕಿಗೆ ತಮ್ಮನ ಎಡಗೈ ಸುಟ್ಟಿತ್ತು. ಆಸ್ಪತ್ರೆಗೆ ಹೋಗಿ ಮುಖ ತೋರಿಸುವ ಧೈರ್ಯ ಇವನಿಗೆ ಬರಲಿಲ್ಲ. ತಮ್ಮ ಆಮೇಲೆ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಹಿಡಿದ. ಇವನು ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಇಬ್ಬರೂ ಮೊದಲಿನಿಂದ ಆಡುತ್ತಿದ್ದ ಈ ಭಾನುವಾರದ ಆಟದಲ್ಲಿ ಮಾತ್ರ "ಎಡಕ್ಕೆ ಬಾ, ಹಿಂದೆ ಸರಿ" ಅನ್ನುತ್ತಿದ್ದ. ಅಷ್ಟಕ್ಕೇ ಅಣ್ಣನಿಗೆ ಇಡೀ ವಾರ ಸಲೀಸಾಗಿ ಕಳೆಯುತ್ತಿತ್ತು.

"ನಿಮ್ಮ ರೆಸಿಸ್ಟೆನ್ಸ್, ಅದೇ ಏಟು ತಡೆಯೋ ಶಕ್ತಿ, ಎಷ್ಟಿದೆ ಓದಿ ನೋಡೋಣ," ಎಂದರು ಮೇಷ್ಟ್ರು.

"ಬೆಂಕಿ ನೂರಾ ಹತ್ತು. ಚಳಿ... ಐದು."

"ನೂರಾ ಹತ್ತಾ? ಎಪ್ಪತ್ತೈದರ ಮೇಲೆ ಆಟ ಲೆಕ್ಕಕ್ಕೇ ತಗೊಳ್ಳಲ್ಲ ಮಹಾರಾಯ್ರೇ! ಮಿಕ್ಕ ಮೂವತ್ತೈದು ದಂಡ. ಚಳಿಯಲ್ಲಿ ನೋಡಿದ್ರೆ ನೂರು ಏಟಿಗೆ ತೊಂಬತ್ತೈದು ತಿಂತಿದೀರಿ. ತುಂಬಿದ ಕೊಡ ತುಳುಕಲ್ಲ ಅಂತಾರೆ, ನಿಮ್ಮದು ಕೋಡಿ ಹರೀತಿದೆ."

ಬೆಸುಗೆಯವನ ಬುದ್ಧಿ ಅದು. ಒಂದು ಗೆರೆ ಸಾಕಾದ ಕಡೆ ಎರಡು ಎಳೆದರೇ ಅವನಿಗೆ ಸಮಾಧಾನ. ಬೆಂಕಿ ತಡೆಯುವ ವಸ್ತು ಏನು ಸಿಕ್ಕಿದರೂ ತೊಟ್ಟುಕೊಂಡಿದ್ದ.

"ನಂದೂ ಅದೇ ಕಥೆ," ತಮ್ಮನ ದನಿ ಬಂತು. "ಚಳಿ ನೂರಾ ಹದಿನೈದು. ಬೆಂಕಿ ಸೊನ್ನೆ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಬ್ರಿಗೆ ಒಲೆ ಕಾಟ, ಇನ್ನೊಬ್ರಿಗೆ ಐಸ್ ಕಾಟ! ನೀವು ಬೆಂಕಿ ತಡೆಯೋ ಮೂವತ್ತೈದರ ಉಂಗುರ ಅವರಿಗೆ ಕೊಡಿ, ಅವರು ಚಳಿ ತಡೆಯೋ ನಲವತ್ತರ ಕಂಬಳಿ ನಿಮಗೆ ಕೊಡ್ಲಿ. ಇಬ್ಬರಿಗೂ ಎಪ್ಪತ್ತೈದು ಎಪ್ಪತ್ತೈದಾಗೇ ಇರುತ್ತೆ, ಯಾರಿಗೂ ನಷ್ಟ ಇಲ್ಲ."

ವಸ್ತು ಬದಲಾಯಿಸಲು ಆಟದಲ್ಲಿ ಇಬ್ಬರೂ ಎದುರುಬದುರು ನಿಲ್ಲಬೇಕು. ನಿಂತರು.

"ಬೆಂಕಿಗೆ ಯಾಕೆ ಅಷ್ಟೊಂದು ಪೇರಿಸಿದೆ?" ತಮ್ಮ ಕೇಳಿದ.

ಸುಳ್ಳು ಹೇಳಲು ವೆಲ್ಡರನಿಗೆ ಬಾಯಿ ಬರಲಿಲ್ಲ. "ನಿನ್ನ ಮೇಲೆ ಬೀಳೋದು ಈ ಸಲ ನನ್ನ ಮೇಲೇ ಬೀಳ್ಲಿ ಅಂತ."

ಉಂಗುರ ಹೋಯಿತು, ಕಂಬಳಿ ಬಂತು.

ನಾಲ್ಕನೇ ಸಲ ದೈತ್ಯ ಉಸಿರು ಬಿಟ್ಟಾಗ ವೆಲ್ಡರ್ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವನ ಪ್ರಾಣದ ಗೆರೆ ಅರ್ಧದ ಹತ್ತಿರ ಬಂದು ನಿಂತಿತ್ತು. ಅವನೂ ನಿಂತೇ ಇದ್ದ! ಹತ್ತು ನಿಮಿಷದಲ್ಲಿ ದೈತ್ಯ ಮಗುಚಿ ಬಿದ್ದ. "ಮುಂದಿನ ವಾರವೂ ನೀವೇ ಮುಂದೆ," ಎಂದು ಮೇಷ್ಟ್ರು ಹೊರಟರು.

ಹೆಡ್‌ಫೋನ್ ತೆಗೆದಿಡುತ್ತಿದ್ದಂತೆ ಮೇಜಿನ ಮೇಲಿದ್ದ ಫೋನ್ ಬಡಿದುಕೊಂಡಿತು. ತಮ್ಮನ ನಂಬರು.

"ಅಣ್ಣಾ," ಅಂದ ತಮ್ಮ. "ಕೈ ಸುಟ್ಟಿದ್ದಕ್ಕೆ ನಂಗೆ ಯಾವತ್ತೂ ಸಿಟ್ಟು ಇರ್ಲಿಲ್ಲ ಕಣೋ. ಹನ್ನೆರಡು ದಿನ ಆಸ್ಪತ್ರೆ ಬಾಗಿಲು ನೋಡ್ತಾ ಮಲಗಿದ್ದೆ. ನೀನು ಬರ್ಲೇ ಇಲ್ಲ."

ವೆಲ್ಡರನ ಕಣ್ಣು ತುಂಬಿ ಬಂತು. "ಈಗ ಬರ್ಲಾ?"

"ಬಾ. ಅತ್ತಿಗೇನೂ ಕರ್ಕೊಂಡು ಬಾ."

ಹೆಂಡತಿಯನ್ನು ಕೂಗುತ್ತಲೇ ಅವನು ಬಾಗಿಲಲ್ಲಿ ಚಪ್ಪಲಿ ಹುಡುಕಿದ. ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಅವಳದು ಮೆಟ್ಟಿಕೊಂಡಿದ್ದು ಅರ್ಧ ಬೀದಿ ನಡೆದ ಮೇಲೆ ಗೊತ್ತಾಯಿತು.