ಟಣ್ ಎನ್ನುವವರೆಗೆ

ಆ ಪೆಟ್ರೋಲ್ ಬಂಕಿನಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅಳತೆಯಣ್ಣ. ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆಯೆಂದು ಅಳೆಯುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ. ಮುಚ್ಚಳ ತೆಗೆದು, ಗುರುತು ಕೊರೆದ ಉದ್ದನೆಯ ಹಿತ್ತಾಳೆ ಕೋಲನ್ನು ಕೊಳವೆಯೊಳಗೆ ಬಿಡಬೇಕು. ತಳಕ್ಕೆ ತಾಗಿ ಟಣ್ ಎಂದ ಮೇಲೆ ಎತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆಯೆಂದು ನೋಡಬೇಕು. ಬೇರೆ ಬಂಕಿನವರು ದಿನಕ್ಕೊಂದು ಸಲ ಅಳೆದು ಕೈತೊಳೆದುಕೊಳ್ಳುತ್ತಾರೆ. ಇವನು ಹಾಗಲ್ಲ, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಮೂರು ಸಲ. "ಟಣ್ ಅನ್ನದೇ ಇದ್ರೆ ಅದು ಅಳತೆನೇ ಅಲ್ಲ ಕಣ್ರೋ" ಎಂದು ಹೊಸಬರಿಗೆ ಪಾಠ ಬೇರೆ. ಮಹಾರಾಯನಿಗೆ ಜಂಬವೇನು ಕಡಿಮೆಯೇ? ಆದರೆ ಜಂಬಪಡುವಷ್ಟು ಕೆಲಸವನ್ನೂ ಮಾಡುತ್ತಿದ್ದ, ಇಲ್ಲವೆನ್ನುವಂತಿಲ್ಲ.

ಬಂಕಿನ ಹಿಂಗೋಡೆಗೆ ಆತುಕೊಂಡೇ ಅವನ ತಂಗಿಯ ಮನೆ, ಹಿತ್ತಲಲ್ಲಿ ಬಾವಿ. ತಂಗಿ, ಅವಳ ಮಗಳು, ಮಗಳ ಒಂಬತ್ತು ತಿಂಗಳ ಕೂಸು, ಮೂವರಿಗೂ ಅದೇ ನೀರು. ಕೂಸು ಹುಟ್ಟಿದ ಹೊಸದರಲ್ಲೇ ತಂಗಿ ಬಂದು ಕೇಳಿದ್ದಳು.

"ಅಣ್ಣ, ನೀರು ಒಂಥರಾ ಪೆಟ್ರೋಲ್ ವಾಸ್ನೆ ಬರ್ತಿದೆ ಕಣೋ. ನಿಮ್ಮ ಟ್ಯಾಂಕ್ ಏನಾದ್ರೂ ಸೋರ್ತಿದ್ಯಾ?"

ಅಳತೆಯಣ್ಣನಿಗೆ ಮೈಯೆಲ್ಲ ಉರಿದುಹೋಯಿತು. "ಬಂಕಿನ ಪಕ್ಕ ಮನೆ ಇಟ್ಕೊಂಡು ಮಲ್ಲಿಗೆ ವಾಸ್ನೆ ಬರ್ಬೇಕು ಅಂದ್ರೆ ಹೆಂಗೆ? ಸೋರಿದ್ರೆ ನನ್ನ ಕೋಲಿಗೆ ಗೊತ್ತಾಗ್ದೆ ಇರುತ್ತಾ? ಸುಮ್ನೆ ಕಾಯಿಸಿ ಕುಡೀರಿ, ಏನೂ ಆಗಲ್ಲ." ಸಾಲದ್ದಕ್ಕೆ ಅವಳ ಬಾವಿಯಿಂದ ಒಂದು ಚೊಂಬು ಸೇದಿ, ಅವಳೆದುರೇ ಗಟಗಟ ಕುಡಿದು ತೋರಿಸಿದ. ತಂಗಿ ಮತ್ತೆ ಆ ಮಾತೆತ್ತಲಿಲ್ಲ.

ಮಾತೆತ್ತಿದವನು ಆಚೆ ಬೀದಿಯ ಪಾತ್ರೆ ಅಂಗಡಿಯವನು. ಅವನ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪದರ ಕಾಣಿಸಿತ್ತು. ಅವನು ದೂರು ಕೊಟ್ಟ, ದೂರಿನ ಬೆನ್ನಿಗೇ ಮಣ್ಣು ಪರೀಕ್ಷೆಯ ಮೇಡಂ ಬಂದಳು. ವಯಸ್ಸು ಮೂವತ್ತೂ ದಾಟಿರಲಿಲ್ಲ, ಬೂಟಿನ ತುಂಬ ಕೆಸರು. ಬಂಕಿನ ಸುತ್ತ ಎಂಟು ಕಡೆ ಕೊರೆಸಿದಳು. ಬಂದ ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ವಾಸನೆ ಅಳೆಯುವ ಯಂತ್ರದ ಮೂತಿಯನ್ನು ಅದರೊಳಗೆ ತೂರಿಸಿದಳು. ತಂಗಿಯ ಗೋಡೆಯ ಬದಿಯ ಮಣ್ಣಿಗೆ ಯಂತ್ರ ಕಿರ್ರೆಂದು ಬಾಯಿಬಡಿದುಕೊಂಡಿತು. ಆ ಕುಳಿಯೊಳಗೆ ಗಾಜಿನಂಥ ಕೊಳವೆ ಇಳಿಸಿ ಎತ್ತಿದರೆ, ನೀರಿನ ಮೇಲೆ ನಾಲ್ಕು ಬೆರಳು ಪೆಟ್ರೋಲ್ ತೇಲುತ್ತಿತ್ತು.

"ಎದುರಿನ ಗ್ಯಾರೇಜಿನವನ ಕೆಲಸ ಮೇಡಂ" ಎಂದ ಅಳತೆಯಣ್ಣ. ಧ್ವನಿ ಮಾತ್ರ ಯಾಕೋ ಗಟ್ಟಿಯಿರಲಿಲ್ಲ.

"ಗ್ಯಾರೇಜಿಂದಾದ್ರೆ ಕಪ್ಪು ಎಣ್ಣೆ ಇರ್ಬೇಕಿತ್ತು ಅಳತೆಯಣ್ಣಾ. ಇದು ಹೊಸ ಪೆಟ್ರೋಲು."

"ಟ್ಯಾಂಕಿಂದ ದಿನಕ್ಕೆ ನಾಲ್ಕೈದು ಲೀಟರ್ ಮೇಲೆ ಯಾವತ್ತೂ ಕಮ್ಮಿ ಬಂದಿಲ್ಲ. ಅದು ಬಿಸಿಲಿಗೆ ಆವಿಯಾಗೋ ಲೆಕ್ಕ. ಎಲ್ಲ ಬಂಕಲ್ಲೂ ಬಿಡ್ತಾರೆ."

"ಆವಿಯಾಗಿಲ್ಲ ಅನ್ಸುತ್ತೆ. ಟ್ಯಾಂಕ್ ಎತ್ತಿ ನೋಡೋಣ."

ಟ್ಯಾಂಕ್ ಎತ್ತಲು ಇನ್ನೂ ನಾಲ್ಕು ದಿನವಿತ್ತು. ಟ್ಯಾಂಕ್ ಗಟ್ಟಿಯಾಗಿದ್ದರೆ ತಂಗಿಗೆ ಕೊಟ್ಟ ಮಾತು ಉಳಿಯಿತು. ಇಲ್ಲದಿದ್ದರೆ, ಆ ಕೂಸಿನ ಹೊಟ್ಟೆಗೆ ಹೋಗಿದ್ದೇನು? ಅದನ್ನು ನೆನೆಯಲೂ ಅವನಿಗೆ ಹೆದರಿಕೆ.

ಐದನೆಯ ದಿನ ಟ್ಯಾಂಕ್ ಖಾಲಿ ಮಾಡಿ, ಒಳಗಿನ ಆವಿಯನ್ನೆಲ್ಲ ಹೊರಹಾಕಿ, ಸುತ್ತಲ ನೆಲ ಅಗೆದು, ಮಟಮಟ ಮಧ್ಯಾಹ್ನ ಕ್ರೇನಿನಿಂದ ಮೇಲೆತ್ತಿದರು. ಅಳತೆಯಣ್ಣ ಒಂದು ಸುತ್ತು ಬಂದು ನೋಡಿದ. ಪಕ್ಕಗಳು ನೆಟ್ಟಗಿವೆ, ಬೆಸುಗೆ ಬಿಟ್ಟಿಲ್ಲ. ಹೋದ ಜೀವ ಬಂದಂತಾಯಿತು.

"ನೋಡಿದ್ರಾ ಮೇಡಂ, ಕಲ್ಲುಗುಂಡಿನ ಹಾಗಿದೆ" ಎಂದು ನಕ್ಕೂಬಿಟ್ಟ.

ಮೇಡಂ ನಗಲಿಲ್ಲ. ಟ್ಯಾಂಕಿನ ಅಡಿಗೆ ಬಗ್ಗಿ, ಮೆತ್ತಿದ ಜೇಡಿಮಣ್ಣನ್ನು ಕೈಯಿಂದ ಒರೆಸಿ, ಅಲ್ಲೇ ಬೆರಳಿಟ್ಟು ನಿಂತಳು. ಆಮೇಲೆ ಮೇಲಿನ ಬಾಯಿ ತೆಗೆಸಿ ಒಳಗೆ ಟಾರ್ಚ್ ಬಿಟ್ಟಳು. "ಬನ್ನಿ ಇಲ್ಲಿ" ಎಂದಳು.

ಅವನು ಬಗ್ಗಿ ನೋಡಿದ. ತಳದಲ್ಲಿ, ಅವನು ಕೋಲು ಬಿಡುವ ಕೊಳವೆಯ ನೇರ ಕೆಳಗೆ, ಬಟ್ಟಲಿನಷ್ಟು ದುಂಡನೆಯ ತಗ್ಗು. ಪಾಲಿಶ್ ಹಾಕಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಅದರ ನಡುವೆ ಬೆಂಕಿಕಡ್ಡಿ ತೂರುವಷ್ಟು ತೂತು. ಆ ತೂತಿನಿಂದ ಹೊರಗಿನ ಬೆಳಕು ಒಳಬಂದಿತ್ತು.

"ತುಕ್ಕು ಅಲ್ಲ ಇದು. ಕೋಲು ಬಿದ್ದೂ ಬಿದ್ದೂ ಸವೆದಿದೆ" ಎಂದಳು ಮೇಡಂ, ಮೆಲ್ಲಗೆ. "ಕೋಲು ಬೀಳೋ ಜಾಗಕ್ಕೆ ಒಂದು ದಪ್ಪ ತಗಡು ಹಾಕಿರ್ಬೇಕಿತ್ತು. ಹಾಕಿಲ್ಲ. ನಿಮ್ಮೊಬ್ಬರದೇ ತಪ್ಪಲ್ಲ."

ಅವನಿಗೆ ಅದೊಂದೂ ಕೇಳಿಸಲಿಲ್ಲ. ದಿನಕ್ಕೊಂಬತ್ತು ಸಲ, ಮೂವತ್ತೊಂದು ವರ್ಷ. ಕಾಟಾಚಾರಕ್ಕೆ ಅಳೆಯುವವನಾಗಿದ್ದರೆ ಇವತ್ತಿಗೂ ತೂತು ಬೀಳುತ್ತಿರಲಿಲ್ಲವೇನೋ. ಸೋಮಾರಿಯಾಗಿ ಹುಟ್ಟಬಾರದಿತ್ತೇ, ದೇವರೇ! ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತ. ಕೆಲಸಗಾರರು ಅವನ ಕಡೆ ನೋಡದೆ ಕ್ರೇನಿನ ಸರಪಳಿ ಬಿಚ್ಚುತ್ತಿದ್ದರು.

"ಬಾವಿ ಚೊಕ್ಕಟ ಆಗುತ್ತಾ?" ಕೊನೆಗೆ ಕೇಳಿದ.

"ಈ ಮಣ್ಣೆಲ್ಲ ತೆಗೀಬೇಕು, ಕೆಳಗಿನ ನೀರು ಎತ್ತಿ ಎತ್ತಿ ಸೋಸ್ಬೇಕು. ವರ್ಷಗಟ್ಲೆ ಕೆಲಸ. ಹಿಂದಿನ ಮನೆಯವರು ಇವತ್ತಿಂದ ಆ ನೀರು ಮುಟ್ಟಬಾರ್ದು. ನಾನೇ ಹೋಗಿ ಹೇಳ್ಲಾ?"

"ಬೇಡ ಮೇಡಂ. ನನ್ನ ತಂಗಿ ಅವಳು."

ತಂಗಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವನು ಪೀಠಿಕೆ ಹಾಕಲಿಲ್ಲ. ಟ್ಯಾಂಕ್ ಸೋರಿದ್ದು ನಿಜ, ತೂತು ಮಾಡಿದ್ದು ತಾನೇ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟ. ಬೈಯಲಿ, ಚೀರಾಡಲಿ ಎಂದು ಕಾದ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದಳು.

"ನೀನು ಕುಡಿದು ತೋರಿಸ್ದಾಗ ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ ಕಣೋ ಅಣ್ಣ" ಎಂದಳು. "ಮೂಗಿನ ಡಾಕ್ಟರ ಹತ್ರ ಹೋಗಿಬಂದೆ. ಮಗಳು ಬಾವಿ ನೀರು ಬೇಡ, ಕ್ಯಾನ್ ನೀರು ತರ್ಸೋಣ ಅಂತ ಅತ್ತಳು. ಮಾಮನಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಂತ ನಾನೇ ಬೈದೆ."



"ನಂಗೆ ಹೇಳಿದ್ದಾಯ್ತಲ್ಲ. ಅವಳಿಗೂ ನೀನೇ ಹೇಳು" ಎಂದು ತಂಗಿ ಒಳಗೆ ಮಗಳನ್ನು ಕೂಗಿದಳು.

ಮಗಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಬಂದಳು. ಕೂಸು ಎರಡೂ ಕೈಯಲ್ಲಿ ಬಾವಿ ನೀರಿಗೆ ಹಾಲುಪುಡಿ ಕಲೆಸಿದ ಬಾಟಲಿ ಹಿಡಿದು ಚೀಪುತ್ತಿತ್ತು.

"ಏನು ಮಾಮ?"

ಅವನು ಕೈ ಚಾಚಿ ಕೂಸಿನ ಬಾಯಿಂದ ಬಾಟಲಿ ಕಿತ್ತುಕೊಂಡ. ಕೂಸು ಕಿಟಾರನೆ ಚೀರಿತು. ಮಗಳು ಒಮ್ಮೆ ಬಾಟಲಿ ನೋಡಿದಳು, ಒಮ್ಮೆ ಮಾಮನ ಮುಖ ನೋಡಿದಳು. ಅವನು ಹೇಳುವುದೇನೂ ಉಳಿಯಲಿಲ್ಲ.